ದುಡ್ಡು ಕೊಟ್ಟವನ ಕೈಗೇ ಬೀಗ: ಗೇಮ್‌ಗಳ ಕಾಪಿ ಪ್ರೊಟೆಕ್ಷನ್ ಎಷ್ಟು ನ್ಯಾಯ?

ಕೋಟೆಗುಡ್ಡ (ಬಳ್ಳಾರಿ)

ಹಳೇ ಪಿಸಿ ಗೇಮ್ ಡಿಸ್ಕ್‌ಗಳ ಬಗ್ಗೆ ಇಲ್ಲಿ ಪದೇ ಪದೇ ಅದೇ ಪ್ರಶ್ನೆ ಬರ್ತೈತೆ. ಒಂದೇ ಕಡೆ ಮಾತಾಡೋಣ ಅಂತ ಈ ಎಳೆ ಶುರು ಮಾಡಿದ್ದು.

2000ದಿಂದ 2008ರ ನಡುವೆ ಬಂದ ಒರಿಜಿನಲ್ ಡಿಸ್ಕ್, ಪೆಟ್ಟಿಗೆ, ಸೀರಿಯಲ್ ನಂಬರ್ ಎಲ್ಲಾ ಕೈಯಾಗೆ ಐತೆ ಅಂತಿಟ್ಟುಕೊಳ್ಳಿ. ವಿಂಡೋಸ್ 10 ಇಲ್ಲಾ 11ರಲ್ಲಿ ಹಾಕಿದರೆ ಇನ್‌ಸ್ಟಾಲ್ ಪೂರ್ತಿ ಆಗ್ತೈತೆ. ಆಮೇಲೆ ಐಕಾನ್ ಒತ್ತಿದರೆ ಏನೂ ತೆರೆಯಲ್ಲ, ಇಲ್ಲಾ ‘ಸರಿಯಾದ ಡಿಸ್ಕ್ ಹಾಕಿ’ ಅಂತ ಬರ್ತೈತೆ. ಸರಿಯಾದ ಡಿಸ್ಕೇ ಒಳಗೆ ತಿರುಗ್ತಾ ಇರ್ತೈತೆ! ಅದೇ ಗೇಮಿನ ಕದ್ದ ಪ್ರತಿ ಯಾವ ತಕರಾರೂ ಇಲ್ಲದೆ ಓಡ್ತೈತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಂಗೆ, ಕಳ್ಳನಿಗೆ ಅಂತ ಹಾಕಿದ ಬೀಗ (ನಕಲು ತಡೆಯೋ ಕಾಪಿ ಪ್ರೊಟೆಕ್ಷನ್) ಕೊಂಡವನ ಬಾಗಿಲಿಗೇ ಬಿದ್ದೈತೆ.

ಕೇಳೋದು ಎರಡು. ಇದು ಯಾಕೆ ಹಿಂಗೆ ಆಗ್ತೈತೆ, ನಿಖರವಾಗಿ? ಮತ್ತೆ, ಈ ಬೀಗ ಎಲ್ಲಿವರೆಗೆ ನ್ಯಾಯ, ಎಲ್ಲಿಂದ ಅನ್ಯಾಯ?

ತೀನ್‌ಕಂದಿಲ್ (ರಾಯಚೂರು)

ಗೇಮ್ ಕೆಟ್ಟಿಲ್ಲ, ಡಿಸ್ಕೂ ಕೆಟ್ಟಿಲ್ಲ. ನಡುವ ನಿಂತು ಸಾಕ್ಷಿ ಹೇಳಬೇಕಾದ ಡ್ರೈವರ್ (ಡಿಸ್ಕ್ ಪರೀಕ್ಷೆ ಮಾಡೋ ಸಣ್ಣ ಪ್ರೋಗ್ರಾಂ) ಈಗ ವಿಂಡೋಸ್‌ದಾಗ ಇಲ್ಲ.

ಆ ಕಾಲದ ಭಾಳ ಡಿಸ್ಕ್‌ಗಳ ಮ್ಯಾಲೆ ಮ್ಯಾಕ್ರೋವಿಷನ್ ಕಂಪನಿಯ ಸೇಫ್‌ಡಿಸ್ಕ್ ಇತ್ತು. ಗೇಮಿನ ಮುಖ್ಯ ಫೈಲನ್ನ ಗುಪ್ತಲಿಪಿ ಮಾಡಿ ಇಡೋದು ಅದರ ಒಂದು ಕೆಲಸ. ಎರಡನೇದು, ನಕಲಿಗೆ ಬರಲಾರದ ಒಂದು ಗುರುತನ್ನ ಡಿಸ್ಕ್ ಮ್ಯಾಲೆ ಬಿಡೋದು. ಮೊದಲ ಆವೃತ್ತಿಯಾಗ ಡಿಸ್ಕಿನ ಶುರುವಿನ ಭಾಗದಾಗ ಬೇಕಂತಲೇ ಕೆಡಿಸಿದ ಸೆಕ್ಟರ್‌ಗಳು (ಡೇಟಾ ಇಡೋ ಸಣ್ಣ ತುಂಡುಗಳು) ಇರ್ತಿದ್ದವು. ಸಾದಾ ರೈಟರ್ ನಕಲು ಮಾಡುವಾಗ ಆ ದೋಷವನ್ನ ‘ಸರಿಮಾಡಿ’ ಬರೀತದ, ಗುರುತು ಅಳಿಸಿ ಹೋಗ್ತದ. ಎರಡನೇ ಆವೃತ್ತಿಯಿಂದ ‘ದುರ್ಬಲ ಸೆಕ್ಟರ್’ ಬಂದವು. ಆ ಬಿಟ್‌ಗಳ ಜೋಡಣೆಯನ್ನ ಕಾರ್ಖಾನೆಯ ಅಚ್ಚು ಸರಿಯಾಗಿ ಒತ್ತುತ್ತದ, ಮನಿ ರೈಟರ್ ಬರೆಯೋಕ ಹೋದ್ರ ತಪ್ಪತದ. ಗೇಮ್ ತೆರೆದಾಗ ಸೆಕ್‌ಡ್ರೈವ್ ಅನ್ನೋ ಡ್ರೈವರ್ ಈ ಗುರುತನ್ನ ನೋಡಿ, ಸರಿ ಇದ್ದರ ಮುಖ್ಯ ಫೈಲ್ ಬಿಡಿಸ್ತದ.

ತೊಂದರೆ ಶುರುವಾದದ್ದು ಆ ಡ್ರೈವರಿನಿಂದ. ಅದು ವಿಂಡೋಸ್‌ನ ಕರ್ನಲ್ ಮಟ್ಟದಾಗ, ಅಂದ್ರ ಪೂರ್ತಿ ಅಧಿಕಾರದಾಗ ಓಡ್ತಿತ್ತು. 2007ರಾಗ ಅದರಾಗೇ ಒಂದು ಭದ್ರತಾ ರಂಧ್ರ ಸಿಕ್ತು, ಮೈಕ್ರೋಸಾಫ್ಟ್ ತೇಪೆ ಹಾಕ್ತು. 2015ರ ಸೆಪ್ಟೆಂಬರ್‌ದಾಗ ವಿಸ್ಟಾ, 7, 8, 8.1ರಲ್ಲಿ ಆ ಡ್ರೈವರನ್ನೇ ಬಂದ್ ಮಾಡೋ ಅಪ್‌ಡೇಟ್ ಬಂತು. ಅದೇ ವರ್ಷ ಬಂದ ವಿಂಡೋಸ್ 10ರಲ್ಲಿ ಅದು ಮೊದಲಿಂದಲೇ ಇಲ್ಲ. ಮೈಕ್ರೋಸಾಫ್ಟ್ ಮಾಡಿದ್ದು ತಪ್ಪು ಅನ್ನಂಗಿಲ್ಲ, ಆ ರಂಧ್ರ ಬ್ಯಾಂಕ್ ಪಾಸ್‌ವರ್ಡ್ ಇರೋ ಪಿಸಿದಾಗ ಇರಬಾರದು. ನನ್ನ ಪ್ರಕಾರ ತಪ್ಪು ಮಾಡಿದವರು, ಒಂದು ಮನರಂಜನೆಯ ಸಾಮಾನಿಗೆ ಕರ್ನಲ್ ಮಟ್ಟದ ಕಾವಲು ಇಟ್ಟವರು.

ಯಾವ ಬೀಗ ಅಂತ ಗುರುತಿಸೋದು ಸುಲಭ. ಡಿಸ್ಕನ್ನ ಎಕ್ಸ್‌ಪ್ಲೋರರ್‌ದಾಗ ತೆರೀರಿ. 00000001.ಟಿಎಂಪಿ ಅನ್ನೋ ಫೈಲ್ ಇದ್ದರ ಸೇಫ್‌ಡಿಸ್ಕ್. ಸಿಎಂಎಸ್16.ಡಿಎಲ್‌ಎಲ್, ಸಿಎಂಎಸ್_95.ಡಿಎಲ್‌ಎಲ್ ಇದ್ದರ ಹಳೇ ಸೆಕ್ಯೂರಾಮ್, ಅಂಥದ್ದೇ ಇನ್ನೊಂದು ಬೀಗ.

ಕೋಟೆಗುಡ್ಡ (ಬಳ್ಳಾರಿ)

ಹಂಗಾದ್ರೆ ಈಗ ಓಡಿಸೋ ದಾರಿ? ಕ್ರ್ಯಾಕ್ (ಬೀಗ ಮುರಿದ ಫೈಲ್) ಮಾತು ಬ್ಯಾಡ. ಆ ಫೈಲ್‌ಗಳ ಜೊತೆ ಏನು ಬರ್ತೈತೆ ಅಂತ ಯಾರಿಗೂ ಗೊತ್ತಿರಲ್ಲ.

ತೀನ್‌ಕಂದಿಲ್ (ರಾಯಚೂರು)

ಮೊದಲು ಪ್ರಕಾಶಕರ ಕೊನೇ ಪ್ಯಾಚ್ (ತಿದ್ದುಪಡಿ ಫೈಲ್) ಹುಡುಕಬೇಕು. ಕೆಲವರು ಕೊನೇ ಪ್ಯಾಚ್‌ದಾಗ ಡಿಸ್ಕ್ ಪರೀಕ್ಷೆಯನ್ನೇ ತೆಗೆದುಬಿಟ್ಟಾರ. ದಿ ವಿಚರ್ 2 ಅದಕ್ಕ ಒಳ್ಳೇ ಉದಾಹರಣೆ: 2011ರಾಗ ಡಿಸ್ಕ್ ಮ್ಯಾಲೆ ಸೆಕ್ಯೂರಾಮ್ ಇತ್ತು, ಬಿಡುಗಡೆ ಆದ ಕೆಲವೇ ದಿನಕ್ಕ 1.1 ಪ್ಯಾಚ್‌ದಾಗ ಕಿತ್ತುಹಾಕಿದರು.

ವಿಂಡೋಸ್ 7 ಅಥವಾ 8.1 ಇರೋ ಹಳೇ ಪಿಸಿ ಇದ್ದರ, ಅದರ ನೆಟ್ ಕೇಬಲ್ ಕಿತ್ತು, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ದಾಗ ‘ಎಸ್‌ಸಿ ಕಾನ್ಫಿಗ್ ಸೆಕ್‌ಡ್ರೈವ್ ಸ್ಟಾರ್ಟ್= ಡಿಮ್ಯಾಂಡ್’, ಆಮ್ಯಾಲೆ ‘ಎಸ್‌ಸಿ ಸ್ಟಾರ್ಟ್ ಸೆಕ್‌ಡ್ರೈವ್’ ಕೊಡಬೇಕು (ಅಕ್ಷರಗಳು ಇಂಗ್ಲಿಷಿನವು). ಸಮ ಚಿಹ್ನೆಯ ಹಿಂದೆ ಜಾಗ ಬಿಡಬಾರದು, ಮುಂದೆ ಒಂದು ಜಾಗ ಬಿಡಲೇಬೇಕು. ಇಲ್ಲಿ ತಪ್ಪಿದ್ರ ಕಮಾಂಡ್ ಓಡಂಗಿಲ್ಲ, ಭಾಳ ಮಂದಿ ಇಲ್ಲೇ ಸಿಕ್ಕಿಬೀಳ್ತಾರ. ಆಟ ಮುಗಿದ ಮ್ಯಾಲೆ ‘ಎಸ್‌ಸಿ ಸ್ಟಾಪ್ ಸೆಕ್‌ಡ್ರೈವ್’ ಕೊಟ್ಟು, ಕಾನ್ಫಿಗ್ ಸಾಲಿನಾಗ ಡಿಮ್ಯಾಂಡ್ ಬದಲು ಡಿಸೇಬಲ್ಡ್ ಹಾಕಿ ಮುಚ್ಚಿಬಿಡ್ರಿ.

ವರ್ಚುವಲ್ ಮಷೀನ್‌ದಾಗ (ಪಿಸಿ ಒಳಗೇ ಓಡೋ ಇನ್ನೊಂದು ಪಿಸಿ) ವಿಂಡೋಸ್ ಎಕ್ಸ್‌ಪಿ ಹಾಕಿ ನಿಜವಾದ ಡಿಸ್ಕ್ ಡ್ರೈವ್ ಅದಕ್ಕ ಜೋಡಿಸಬಹುದು. ಆದ್ರ ಅಲ್ಲಿ 3ಡಿ ವೇಗ ಕಡಿಮಿ. ಎರಡು ಆಯಾಮದ ತಂತ್ರದ ಆಟಗಳಿಗೆ ಸಾಕು, ಉಳಿದವಕ್ಕ ಸಾಲದು.

ಕಿನ್ನಾಳ_ಬಣ್ಣ (ಕೊಪ್ಪಳ)

ಮಾಡುವವರ ಕಡೆಯ ಲೆಕ್ಕಾನೂ ಇರ್ಲಿ, ಇಲ್ಲಾಂದ್ರ ಚರ್ಚೆ ಒಂದs ಕಾಲಿನ ಮ್ಯಾಲೆ ನಿಂತಂಗ ಆಗ್ತೈತಿ.

ಒಂದು ಗೇಮಿಗೆ ₹500 ಅಂತ ಇಟ್ಟರ 18% ಜಿಎಸ್‌ಟಿ ಕಳೆದು ಉಳಿಯೋದು ಸುಮಾರು ₹424. ಅಂಗಡಿಯ ಪಾಲು 30% ಹೋದ್ರ ₹297. ಅದರಾಗ ಚಿತ್ರ ಬರೆಯೋರು, ಸಂಗೀತ, ಪರೀಕ್ಷೆ ಮಾಡೋರು, ಬಾಡಿಗಿ, ಆದಾಯ ತೆರಿಗಿ. ನಾಕೈದು ಮಂದಿ ಎರಡು ವರ್ಷ ಕುಂತು ಮಾಡಿದ ಆಟ ಬಿಡುಗಡೆಯ ದಿನಾನs ಪುಕ್ಕಟೆ ಹಂಚಿಹೋದ್ರ ಅವರ ಮುಂದಿನ ಆಟ ಹುಟ್ಟಂಗಿಲ್ಲ.

ಗ್ರೀನ್‌ಹಾರ್ಟ್ ಗೇಮ್ಸ್ ಅನ್ನೋ ಇಬ್ಬರು ಅಣ್ಣತಮ್ಮಂದಿರ ಸಂಸ್ಥೆ 2013ರಾಗ ತಮ್ಮ ಗೇಮ್ ಡೆವ್ ಟೈಕೂನ್ ಆಟದ ಒಂದು ‘ಕ್ರ್ಯಾಕ್’ ಪ್ರತಿಯನ್ನ ತಾವೇ ಬಿಟ್ಟಿದ್ರು. ಮೊದಲ ದಿನದ ಆಟಗಾರರಾಗ 93.6% ಮಂದಿ ಆಡಿದ್ದು ಆ ಪುಕ್ಕಟೆ ಪ್ರತಿ. ಆ ಪ್ರತಿಯಾಗ ಆಟದ ಒಳಗಿನ ಕಂಪನಿ ಕಳ್ಳಪ್ರತಿಯ ಕಾಟದಿಂದಲೇ ದಿವಾಳಿ ಆಗ್ತಿತ್ತು. ಹಂಗಂತ 93 ಮಂದಿನೂ ದುಡ್ಡು ಕೊಡ್ತಿದ್ರು ಅಂತ ನಾನು ಹೇಳಂಗಿಲ್ಲ. ಆದ್ರ ‘ಕಳ್ಳಪ್ರತಿಯಿಂದ ಏನೂ ನಷ್ಟ ಇಲ್ಲ’ ಅನ್ನೋ ಮಾತೂ ನಿಲ್ಲಂಗಿಲ್ಲ. 2024ರಾಗ ಪ್ರಕಟ ಆದ ಒಂದು ಅಧ್ಯಯನ ಈಗಿನ ಪಿಸಿ ಆಟಗಳಿಗೆ ಹಾಕೋ ಡೆನುವೊ ಬೀಗ ಇದ್ದ 86 ಆಟಗಳನ್ನ ನೋಡ್ತು. ಮೊದಲ ವಾರದಾಗs ಬೀಗ ಮುರಿದ್ರ ಆದಾಯದಾಗ ಸುಮಾರು 20% ಖೋತಾ ಅಂತ ಅಂದಾಜು.

ಕೋಟೆಗುಡ್ಡ (ಬಳ್ಳಾರಿ)

ಆ ಅಧ್ಯಯನದ ಇನ್ನೊಂದು ಅರ್ಧವನ್ನೂ ಹೇಳಬೇಕು. ಬೀಗ 12 ವಾರ ತಡೆದರೆ, ಆಮೇಲೆ ಮುರಿದರೂ ನಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದ್ರೆ ಬೀಗದ ಕೆಲಸ ಮೂರು ತಿಂಗಳಿಗೆ ಮುಗೀತು. ಅದಾದ ಮೇಲೂ ಹತ್ತು ವರ್ಷ ಅದನ್ನು ಬಾಗಿಲ ಮೇಲೇ ಬಿಡೋದು ಯಾರ ಲಾಭಕ್ಕೆ? ನನ್ನ ವಾದ ಇಷ್ಟೇ: ಬೀಗ ಹಾಕಲಿ, ಯಾವತ್ತು ತೆಗೀತೀವಿ ಅಂತ ಪೆಟ್ಟಿಗೆ ಮೇಲೇ ಬರೀಲಿ.

ತೆಗೆಯೋಕೆ ಆಗಲ್ಲ ಅನ್ನೋ ಹಂಗಿಲ್ಲ. ಡೂಮ್ ಬಂದದ್ದು 2016ರ ಮೇನಲ್ಲಿ, ಡೆನುವೊ ತೆಗೆದದ್ದು ಅದೇ ಡಿಸೆಂಬರ್‌ನಲ್ಲಿ. ರೆಸಿಡೆಂಟ್ ಈವಿಲ್ ವಿಲೇಜ್ 2021ರಲ್ಲಿ ಬಂತು, 2023ರ ಏಪ್ರಿಲ್‌ನಲ್ಲಿ ಬೀಗ ಹೋಯಿತು. ಆ ಆಟದ ಕತೆ ಇನ್ನೂ ಗಂಭೀರ. ಶತ್ರು ಸತ್ತಾಗ, ಮೇಲೆ ಬಿದ್ದಾಗ ಚಿತ್ರ ತಡವರಿಸ್ತಿತ್ತು. ಕ್ರ್ಯಾಕ್ ಆದ ಪ್ರತಿಯಲ್ಲಿ ಆ ತಡವರಿಕೆ ಇರಲಿಲ್ಲ. 2021ರ ಜುಲೈನಲ್ಲಿ ಕ್ಯಾಪ್‌ಕಾಮ್ ಪ್ಯಾಚ್ ಕೊಟ್ಟು, ಕಳ್ಳಪ್ರತಿ ತಡೆಯ ತಂತ್ರಜ್ಞಾನವನ್ನು ಸರಿಪಡಿಸಿದ್ದೀವಿ ಅಂತ ತಾನೇ ಬರೀತು. ಪೂರ್ತಿ ಬೆಲೆ ಕೊಟ್ಟವರು ಎರಡು ತಿಂಗಳು ಕಡಿಮೆ ಗುಣಮಟ್ಟದ ಸರಕು ಉಪಯೋಗಿಸಿದಂಗಾಯ್ತು.

ಸೋನಾಮಸೂರಿ (ಗಂಗಾವತಿ)

ಡೆನುವೊ ಬಗ್ಗೆ ಗೇಮಿಂಗ್ ಕೆಫೆ ನಡೆಸೋರು ತಿಳ್ಕೋಬೇಕಾದ್ದು ಒಂದು ಐತ್ರಿ. ಮೊದಲ ಸಲ ಆಟ ತೆರೆದಾಗ ಸರ್ವರ್‌ನಿಂದ ಆ ಪಿಸಿಗೆ ಅಂತs ಒಂದು ಟೋಕನ್ (ಆಡೋ ಅನುಮತಿ) ಬರ್ತೈತಿ. ಪ್ರೊಸೆಸರ್ ಬದಲಿಸಿದ್ರ, ವಿಂಡೋಸ್ ದೊಡ್ಡ ಅಪ್‌ಡೇಟ್ ಆದ್ರ, ಆಟಕ್ಕ ಪ್ಯಾಚ್ ಬಂದ್ರ ಮತ್ತೊಮ್ಮೆ ನೆಟ್ ಬೇಕಾಗಬಹುದು. ಒಂದು ಖಾತೆಯ ಮ್ಯಾಲೆ 24 ತಾಸಿನಾಗ 5 ಪಿಸಿ ಅನ್ನೋ ಮಿತಿ ಭಾಳ ಆಟಗಳಿಗೆ ಐತಿ. ಸ್ಟೀಮ್ (ಆಟ ಮಾರೋ ಆನ್‌ಲೈನ್ ಅಂಗಡಿ) ಪುಟದಾಗ ಬಲಗಡೆ ಹಳದಿ ಪಟ್ಟಿಯಾಗ ಬರ್ದಿರ್ತಾರ, ಕೊಳ್ಳೋಕ ಮುಂಚೆ ಓದ್ರಿ. ಲಿನಕ್ಸ್ ಮ್ಯಾಲೆ ಪ್ರೋಟಾನ್ (ವಿಂಡೋಸ್ ಆಟ ಅಲ್ಲಿ ಓಡಿಸೋ ಸಾಧನ) ಆವೃತ್ತಿ ಬದಲಿಸಿ ಬದಲಿಸಿ ನೋಡಿದ್ರ ಒಂದೊಂದೂ ಹೊಸ ಪಿಸಿ ಅಂತ ಎಣಿಕಿ ಆಗ್ತೈತಿ. ಐದು ಸಲ ಆದ ಮ್ಯಾಲೆ ಒಂದು ದಿನ ಸುಮ್ನ ಕುಂದ್ರಬೇಕು.

ಇಂಟೆಲ್ 12ನೇ ಪೀಳಿಗಿ ಪ್ರೊಸೆಸರ್ 2021ರ ನವೆಂಬರ್‌ದಾಗ ಬಂದಾಗ, ಅದರ ದೊಡ್ಡ ಕೋರ್ ಒಂದು ಪಿಸಿ, ಸಣ್ಣ ಕೋರ್ ಇನ್ನೊಂದು ಪಿಸಿ ಅಂತ ಕೆಲವು ಬೀಗಗಳು ತಪ್ಪು ತಿಳ್ಕೊಂಡು 50ಕ್ಕೂ ಹೆಚ್ಚು ಆಟ ನಿಂತುಹೋದ್ವು. ಬಯೋಸ್‌ದಾಗ ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ ಮೋಡ್ ಆನ್ ಮಾಡಿ, ಸ್ಕ್ರಾಲ್ ಲಾಕ್ ಒತ್ತಿ ಸಣ್ಣ ಕೋರ್ ಮಲಗಿಸೋದು ಆಗಿನ ಮದ್ದು. ಮುಂದ ಪ್ಯಾಚ್‌ಗಳಿಂದ ಸರಿಹೋತು. ಹಳೇ ವಿಂಡೋಸ್ ಇಟ್ಕೊಂಡು ಆಟ ಅಪ್‌ಡೇಟ್ ಮಾಡದವರಿಗೆ ಈಗ್ಲೂ ಇದು ಬರಬಹುದು.

ಇನ್ನೊಂದು: ಮನಿ ಖಾತೆಯ ಆಟ ಹಾಕಿ ಕೆಫೆದಾಗ ತಾಸಿನ ಲೆಕ್ಕದಾಗ ಬಾಡಿಗಿ ಕೊಡೋದು ಪರವಾನಗಿಗೆ ವಿರುದ್ಧ. ಸ್ಟೀಮ್‌ಗೆ ಪಿಸಿ ಕೆಫೆ ಅಂತs ಬ್ಯಾರೆ ವ್ಯವಸ್ಥೆ ಐತಿ. ಇದನ್ನ ಅನ್ಯಾಯ ಅನ್ನಂಗಿಲ್ಲ. ವ್ಯಾಪಾರಕ್ಕ ವ್ಯಾಪಾರದ ದರ.

ತೀನ್‌ಕಂದಿಲ್ (ರಾಯಚೂರು)

ಆಕ್ಟಿವೇಷನ್ ಮಿತಿ ಅನ್ನೋದು ಡೆನುವೊಕ್ಕಿಂತ ಹಳೇದು. 2007ರ ಬಯೋಶಾಕ್‌ಗೆ ಮೊದಲು 2 ಇನ್‌ಸ್ಟಾಲ್ ಅಷ್ಟೇ ಇತ್ತು, ಜನ ಸಿಟ್ಟಾದ ಮ್ಯಾಲೆ 5 ಮಾಡಿದ್ರು. 2008ರ ಸ್ಪೋರ್‌ಗೆ 3 ಇತ್ತು, ಅದೂ ಆಮ್ಯಾಲೆ 5 ಆತು. ಬಳ್ಳಾರಿ ಜೀನ್ಸ್ ಒಂದು ಪ್ಯಾಂಟ್ ಕೊಂಡವಗ ‘ಇದನ್ನ ಮೂರು ಸಲ ಮಾತ್ರ ಒಗೀಬಹುದು’ ಅಂದ್ರ ಯಾರರ ಕೊಳ್ತಾರ? ಕೊಂಡವನ ವಸ್ತು ಅಂದ್ರ ಕೊಂಡವನ ವಸ್ತು.

2008ರ ಜುಲೈದಾಗ ನಡೆದದ್ದು ಇನ್ನೂ ನೆನಪಿಡಬೇಕು. ರೇನ್‌ಬೋ ಸಿಕ್ಸ್ ವೇಗಸ್ 2 ಆಟವನ್ನ ಡೌನ್‌ಲೋಡ್ ಮಾಡಿ ಕೊಂಡವರಿಗೂ ಅದು ಡಿಸ್ಕ್ ಕೇಳ್ತಿತ್ತು. ಅದನ್ನ ಸರಿಮಾಡೋಕ ಯೂಬಿಸಾಫ್ಟ್ ಕೊಟ್ಟ ಫೈಲ್ ಬಿಚ್ಚಿ ನೋಡಿದ್ರ, ಅದು ಒಂದು ಕ್ರ್ಯಾಕ್ ಗುಂಪು ಮಾಡಿದ್ದೇ ಆಗಿತ್ತು, ಒಳಗ ಅವರ ಹೆಸರು ಹಂಗೇ ಇತ್ತು. ತಮ್ಮದೇ ಬೀಗ ತೆಗೆಯೋಕ ಕಂಪನಿಗೇ ಕಳ್ಳನ ಕೀಲಿ ಬೇಕಾತು ಅಂದ್ರ ಆ ಬೀಗದಿಂದ ಗ್ರಾಹಕಗ ಆಗೋ ತೊಂದ್ರಿ ಅವರಿಗೂ ಗೊತ್ತಿತ್ತು ಅಂತಲೇ ಅರ್ಥ.

ಕಾಯ್ದೆಪುಟ (ಬಳ್ಳಾರಿ)

ಕಾನೂನಿನ ಬಗ್ಗೆ ಅರ್ಧಂಬರ್ಧ ಮಾತು ಹರಿದಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಕಲಂ 52(1)(ಎಎ) ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದು ಕಳೆದುಹೋಗುವುದು, ನಾಶವಾಗುವುದು, ಹಾಳಾಗುವುದರಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಇದು ಉಲ್ಲಂಘನೆಯಲ್ಲ. ಅಂದರೆ ಬ್ಯಾಕಪ್ ಎನ್ನುವುದು ಕಂಪನಿ ಕೊಡುವ ಭಿಕ್ಷೆಯಲ್ಲ, ಸಂಸತ್ತು ಕೊಟ್ಟ ಅವಕಾಶ.

2012ರ ತಿದ್ದುಪಡಿಯಲ್ಲಿ ಕಲಂ 65ಎ ಬಂತು. ತಾಂತ್ರಿಕ ರಕ್ಷಣೆಯನ್ನು ಮುರಿಯುವುದಕ್ಕೆ 2 ವರ್ಷದವರೆಗೆ ಜೈಲು ಮತ್ತು ದಂಡ. ಆದರೆ ಅಲ್ಲಿರುವ ಮಾತನ್ನು ಎಚ್ಚರದಿಂದ ಓದಬೇಕು: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದ ಕೆಲಸಕ್ಕೆ ವಿನಾಯಿತಿ ಇದೆ. ಅಂಥ ಕೆಲಸಕ್ಕೆ ಬೇರೆಯವರಿಗೆ ನೆರವಾಗುವ ವ್ಯಕ್ತಿ ಮಾತ್ರ ಅವರ ಹೆಸರು, ವಿಳಾಸ, ಉದ್ದೇಶ ಮೊದಲಾದ ಪೂರ್ಣ ದಾಖಲೆ ಇಟ್ಟುಕೊಳ್ಳಬೇಕು. ಅಮೆರಿಕದ 1998ರ ಕಾಯ್ದೆಗಿಂತ ನಮ್ಮದು ಇಷ್ಟರ ಮಟ್ಟಿಗೆ ಗ್ರಾಹಕನ ಪರ. ಅಲ್ಲಿ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೇಳಿಕೊಂಡು ಸರತಿಯಲ್ಲಿ ನಿಲ್ಲಬೇಕು. ಸರ್ವರ್ ಮುಚ್ಚಿದ ಆಟಗಳ ದೃಢೀಕರಣ ತೆಗೆಯಲು ಸೀಮಿತ ವಿನಾಯಿತಿ ಅಲ್ಲಿ ಸಿಕ್ಕಿದ್ದೇ 2015ರಲ್ಲಿ.

ಇನ್ನೊಂದು ಬದಿ: ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕಲಂ 63ಬಿ. ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, ₹50,000ದಿಂದ ₹2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು ₹50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಕೆಫೆಗಳಿಗೆ ಆ ರಿಯಾಯಿತಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬಳಕೆಯೇ ವ್ಯಾಪಾರ.

ತೀನ್‌ಕಂದಿಲ್ (ರಾಯಚೂರು)

ನೀವು ಹೇಳಿದ ಬ್ಯಾಕಪ್ ಹಕ್ಕು ಈ ಬೀಗದ ಮುಂದ ಹೆಂಗ ಸೋಲ್ತದ ನೋಡ್ರಿ. ಸೇಫ್‌ಡಿಸ್ಕ್ ಇರೋ ಡಿಸ್ಕಿನ ಸಾದಾ ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪ್ರತಿ ಇರೋ ಒಂದು ಫೈಲ್) ತೆಗೆದ್ರ ಫೈಲ್ ಎಲ್ಲಾ ಬರ್ತಾವ, ದೋಷದ ಗುರುತು ಬರಂಗಿಲ್ಲ. 2048 ಬೈಟ್ ಲೆಕ್ಕದಾಗ ಓದೋ ಇಮೇಜಿಗೆ ಅದನ್ನ ಹಿಡಿಯೋ ಜಾಗಾನೇ ಇಲ್ಲ. ಅಂದ್ರ ಸಂಸತ್ತು ‘ಬ್ಯಾಕಪ್ ಮಾಡ್ಕೋ’ ಅಂತದ, ಡಿಸ್ಕ್ ‘ಮಾಡ್ಕೊಂಡ್ರೂ ಓಡಂಗಿಲ್ಲ’ ಅಂತದ. ಕಾಗದದ ಮ್ಯಾಲಿನ ಹಕ್ಕನ್ನ ಪ್ಲಾಸ್ಟಿಕ್ ಕಸ್ಕೊಂಡಂಗಾತು. ನ್ಯಾಯದ ಪ್ರಶ್ನೆ ನನಗ ಕಾಣೋದು ಇಲ್ಲೇ.

ಕಾಯ್ದೆಪುಟ (ಬಳ್ಳಾರಿ)

ಸರಿಯಾದ ಮಾತು. ಕಲಂ 65ಎ ಮುರಿಯುವವರಿಗೆ ಶಿಕ್ಷೆ ಹೇಳುತ್ತದೆ, ಬೀಗ ಹಾಕಿದವರು ಬ್ಯಾಕಪ್‌ಗೆ ದಾರಿ ಮಾಡಿಕೊಡಬೇಕು ಎಂದು ಎಲ್ಲೂ ಹೇಳುವುದಿಲ್ಲ. ಕಾಯ್ದೆಯಲ್ಲಿ ತುಂಬಬೇಕಾದ ಜಾಗ ಅದೇ.

ಕೃಷ್ಣಾತೀರ (ರಾಯಚೂರು)

ಕನ್ಸೋಲ್ ಕಡೆ ಇದೇ ವಿಷಯ ಬೇರೆ ರೂಪದಲ್ಲಿ ಇದೆ. ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಒಳಗೆ ಗಡಿಯಾರಕ್ಕೆ ಅಂತ ಒಂದು ನಾಣ್ಯದಾಕಾರದ ಬ್ಯಾಟರಿ ಇದೆ. ಅದು ಸತ್ತ ಮೇಲೆ ಸೋನಿ ಸರ್ವರ್ ಸಿಗದಿದ್ದರೆ ಡಿಸ್ಕ್ ಹಾಕಿದರೂ ಆಟ ತೆರೆಯುತ್ತಿರಲಿಲ್ಲ. ಟ್ರೋಫಿ (ಆಟದಲ್ಲಿನ ಸಾಧನೆಯ ಗುರುತು) ಪಡೆದ ಸಮಯ ತಿರುಚದಂತೆ ಗಡಿಯಾರವನ್ನು ನೆಟ್ ಮೂಲಕ ಪರೀಕ್ಷಿಸುವ ವ್ಯವಸ್ಥೆಯ ಅಡ್ಡ ಪರಿಣಾಮ ಇದು. 2021ರ ಸೆಪ್ಟೆಂಬರಿನ 9.00 ಸಾಫ್ಟ್‌ವೇರ್‌ನಲ್ಲಿ ಸರಿಮಾಡಿದರು. ಸೆಕೆಂಡ್‌ಹ್ಯಾಂಡ್ ಪಿಎಸ್4 ಕೊಳ್ಳುವಾಗ ಸೆಟ್ಟಿಂಗ್ಸ್, ಸಿಸ್ಟಂ, ಸಿಸ್ಟಂ ಇನ್‌ಫರ್ಮೇಷನ್‌ನಲ್ಲಿ ಆವೃತ್ತಿ 9.00 ಅಥವಾ ಮೇಲೆ ಇದೆಯೇ ನೋಡಿ.

ಪಿಎಸ್5ರ 2023ರ ನಂತರದ ಮಾದರಿಗೆ ಡಿಸ್ಕ್ ಡ್ರೈವ್ ಬಿಡಿಯಾಗಿ ಸಿಗುತ್ತದೆ. ಆ ಡ್ರೈವ್ ಜೋಡಿಸಿದಾಗ ಒಮ್ಮೆ ನೆಟ್ ಬೇಕೇ ಬೇಕು. ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್‌ಗೆ ಬಂದಿರುವ ‘ಗೇಮ್ ಕೀ ಕಾರ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ: ಕಾರ್ಡ್ ಇರುತ್ತದೆ, ಆಟ ಅದರೊಳಗೆ ಇರುವುದಿಲ್ಲ, ಡೌನ್‌ಲೋಡ್ ಮಾಡಬೇಕು. ಆದರೂ ಕಾರ್ಡ್ ಮಾರಬಹುದು, ಇನ್ನೊಬ್ಬರಿಗೆ ಕೊಡಬಹುದು. ಪಿಸಿ ಪೆಟ್ಟಿಗೆಯೊಳಗಿನ ಒಂದು ಬಾರಿಯ ಕೋಡ್‌ಗೆ ಆ ಬೆಲೆಯೂ ಇಲ್ಲ. ಒಮ್ಮೆ ಖಾತೆಗೆ ಸೇರಿದರೆ ಪೆಟ್ಟಿಗೆ ಬರೀ ರಟ್ಟು. ನಮ್ಮ ಊರುಗಳಲ್ಲಿ ₹4,000ದ ಹೊಸ ಆಟ ಕೊಳ್ಳಲು ಆಗದ ಹುಡುಗರಿಗೆ ಮಾರಿ ಕೊಳ್ಳುವ ಡಿಸ್ಕ್ ಒಂದೇ ದಾರಿ. ಆ ದಾರಿ ಮುಚ್ಚುವ ಬೀಗವನ್ನು ನಾನು ನ್ಯಾಯ ಎನ್ನಲಾರೆ, ಅದು ಕಳ್ಳನನ್ನು ತಡೆಯುತ್ತಿಲ್ಲ.

ಸೋನಾಮಸೂರಿ (ಗಂಗಾವತಿ)

ಡೌನ್‌ಲೋಡ್ ಮಾತು ಬಂತು, ಲೆಕ್ಕ ಹಾಕ್ರಿ. 100 ಜಿಬಿ ಆಟ, ದಿನಕ್ಕ 2 ಜಿಬಿ ಮೊಬೈಲ್ ಪ್ಯಾಕ್ ಆದ್ರ 50 ದಿನ. 40 ಎಂಬಿಪಿಎಸ್ ಫೈಬರ್ ಇದ್ರ ಐದೂವರೆ ತಾಸು, ಅದೂ ನಡುವ ಕರೆಂಟ್ ಹೋಗದಿದ್ರ. ಪರವಾನಗಿ ಒಬ್ಬೊಬ್ಬರದು ಬ್ಯಾರೆ ಇದ್ರೂ ಫೈಲ್ ಒಂದs. ಸ್ಟೀಮ್‌ದಾಗ 2023ರಿಂದ ಲೋಕಲ್ ನೆಟ್‌ವರ್ಕ್ ವರ್ಗಾವಣೆ ಐತಿ: ಸೆಟ್ಟಿಂಗ್ಸ್, ಡೌನ್‌ಲೋಡ್ಸ್, ಅಲ್ಲಿ ಗೇಮ್ ಫೈಲ್ ಟ್ರಾನ್ಸ್‌ಫರ್. ಎರಡೂ ಪಿಸಿದಾಗ ಸ್ಟೀಮ್ ಲಾಗಿನ್ ಇರ್ಬೇಕು, ಕಳಿಸೋ ಕಡೆ ಫ್ರೆಂಡ್ಸ್ ಅಥವಾ ಎನಿಒನ್ ಆಯ್ಕಿ ಇರ್ಬೇಕು. ಗಿಗಾಬಿಟ್ ಸ್ವಿಚ್, ಕ್ಯಾಟ್ 5ಇ ಕೇಬಲ್ ಇದ್ರ ಸೆಕೆಂಡಿಗೆ 110 ಎಂಬಿ ಹತ್ರ ಬರ್ತೈತಿ, 100 ಜಿಬಿ ಕಾಲು ತಾಸಿನ ಮಾತು. ಇಷ್ಟು ವೇಗ ಬರದಿದ್ರ ಮೊದಲು ಕೇಬಲ್ ನೋಡ್ರಿ. ಎಂಟು ತಂತಿಯಾಗ ನಾಕೇ ತಾಗಿದ್ರ 100 ಎಂಬಿಪಿಎಸ್‌ಗೆ ಇಳೀತೈತಿ.

ಕೋಟೆಗುಡ್ಡ (ಬಳ್ಳಾರಿ)

ಕರೆಂಟ್ ಅಂದ್ರಲ್ಲ, ನಮ್ಮ ಕಡೆಯ ಆಕ್ಟಿವೇಷನ್ ತಕರಾರಿನ ದೊಡ್ಡ ಕಾರಣ ಅಲ್ಲೇ ಐತೆ, ಯಾರೂ ನೋಡಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದ ತಕ್ಷಣ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಬೀಳ್ತೈತೆ. ಆಗ ಸರ್ವರ್‌ನ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಅಂತ ಪಿಸಿ ತಿಳ್ಕೊಂತೈತೆ, ಲಾಗಿನ್ ಆಗಲ್ಲ. ಆಫ್‌ಲೈನ್ ಟೋಕನ್ ಇದ್ರೂ ಅದರ ತಾರೀಖು ಭವಿಷ್ಯದ್ದು ಅಂತ ಕಂಡು ತಿರಸ್ಕಾರ ಆಗಬಹುದು. ಜನ ಖಾತೆ ಹ್ಯಾಕ್ ಆಯ್ತು ಅಂತಲೋ, ಆಟ ಕಸ್ಕೊಂಡ್ರು ಅಂತಲೋ ಹೆದರ್ತಾರೆ.

ಮಲ್ಟಿಮೀಟರ್‌ನಾಗೆ ಸೆಲ್ 3 ವೋಲ್ಟ್ ಹತ್ರ ಇರ್ಬೇಕು, 2.7ಕ್ಕಿಂತ ಕೆಳಗಿದ್ರೆ ಬದಲಿಸಿ. ಬದಲಿಸಿದ ಮೇಲೆ ಬಯೋಸ್‌ನಾಗೆ ತಾರೀಖು ಕೈಯಾರೆ ಹಾಕಿ. ವಿಂಡೋಸ್ ತಾನೇ ಸರಿಮಾಡ್ತೈತೆ ಅಂತ ಕಾಯಬೇಡಿ. ವ್ಯತ್ಯಾಸ 15 ತಾಸಿಗಿಂತ ಹೆಚ್ಚಿದ್ರೆ ಅದರ ಸಮಯ ಸೇವೆ ಮಾಮೂಲಿ ಹೊಂದಾಣಿಕೆಯಲ್ಲಿ ತಿದ್ದೋಕೆ ಒಪ್ಪಲ್ಲ.

ಕಿನ್ನಾಳ_ಬಣ್ಣ (ಕೊಪ್ಪಳ)

ಕೋಟೆಗುಡ್ಡ ಅವರ ‘ತಾರೀಖು ಬರೀಲಿ’ ಮಾತಿಗೆ ವಾಪಸ್ ಬರ್ತೀನಿ. ಒಪ್ತೀನಿ, ಒಂದು ತಿದ್ದುಪಡಿ ಜೊತಿ. ಬೀಗ ತೆಗೆಯೋ ದಿನ ಮೊದಲs ಸಾರಿದ್ರ ಕೆಲವರು ಆ ದಿನಕ್ಕ ಕಾಯ್ತಾರ, ಕೊಳ್ಳಂಗಿಲ್ಲ. ಹಂಗಾಗಿ 12 ವಾರ ಭಾಳ ಸಣ್ಣ ಅವಧಿ. ಎರಡು ವರ್ಷ ಅಂದ್ರ ಯಾರಿಗೂ ಹೊರಿ ಆಗಂಗಿಲ್ಲ.

ಆನ್‌ಲೈನ್ ಬೀಗಕ್ಕ ಮಾತ್ರ ಬ್ಯಾರೆ ನಿಯಮ ಬೇಕು. ಒಬ್ಬರೇ ಆಡೋ ಆಟಕ್ಕ ಸದಾ ನೆಟ್ ಕೇಳೋದಕ್ಕ ಮಾಡುವವರ ಕಡೆಯಿಂದಲೂ ಸಮರ್ಥನಿ ಸಿಗಂಗಿಲ್ಲ. 2010ರಾಗ ಅಸಾಸಿನ್ಸ್ ಕ್ರೀಡ್ 2ರ ಪಿಸಿ ಆವೃತ್ತಿ ಹಂಗ ಬಂತು. ಮಾರ್ಚ್‌ದಾಗ ಸರ್ವರ್ ಮ್ಯಾಲೆ ದಾಳಿ ಆಗಿ, ಕೊಂಡವರs ಹೊರಗ ನಿಂತ್ರು. 2013ರ ಸಿಮ್‌ಸಿಟಿಗೆ ನೆಟ್ ಅನಿವಾರ್ಯ ಅಂದ್ರು, ಒಂದು ವರ್ಷಕ್ಕ, 2014ರ ಮಾರ್ಚ್‌ದಾಗ, ಆಫ್‌ಲೈನ್ ಮೋಡ್ ಕೊಟ್ರು. ಕಿನ್ನಾಳದ ಗೊಂಬಿ ಕೊಟ್ಟಾವ ದಿನಾ ಮನಿಗೆ ಬಂದು ‘ಇದು ನಿಂದs ಏನು’ ಅಂತ ಕೇಳಂಗಿಲ್ಲ.

ಕೃಷ್ಣಾತೀರ (ರಾಯಚೂರು)

ಸದಾ ನೆಟ್ ಕೇಳುವ ಆಟದ ಕೊನೆ ಹೇಗಿರುತ್ತದೆ ಅನ್ನುವುದಕ್ಕೆ ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಸಾಕ್ಷಿ. 2014ರಲ್ಲಿ ಬಂದ ಕಾರ್ ರೇಸ್ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಒಬ್ಬರೇ ಆಡುವ ಭಾಗವೂ ಸತ್ತಿತು, ಡಿಸ್ಕ್ ಇದ್ದವರ ಡಿಸ್ಕೂ ವ್ಯರ್ಥ. ಅದರಿಂದಲೇ ರಾಸ್ ಸ್ಕಾಟ್ ಅವರ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುವಾಯಿತು. 2025ರ ಜುಲೈನಲ್ಲಿ ಯುರೋಪಿನ ನಾಗರಿಕರ ಅರ್ಜಿಗೆ ಹತ್ತು ಲಕ್ಷ ಸಹಿ ದಾಟಿತು. ಅವರ ಬೇಡಿಕೆ ಸರ್ವರ್ ಎಂದೆಂದಿಗೂ ನಡೆಸಿ ಅನ್ನುವುದಲ್ಲ. ಮುಚ್ಚುವಾಗ ಆಟ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುವುದು. ಒತ್ತಡ ಫಲ ಕೊಡುತ್ತದೆ: ಆ ಸರಣಿಯ ಮುಂದಿನ ಎರಡು ಆಟಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಕಂಪನಿ ಒಪ್ಪಿತು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಬರೀ ಪರವಾನಗಿ ಕೊಡುವ ಅಂಗಡಿ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಅನ್ನುವ ಪದ ಬಳಸುವಂತಿಲ್ಲ. ಕನ್ನಡದಲ್ಲಿ ‘ಕ್ರಯ’ ಬೇರೆ, ‘ಭೋಗ್ಯ’ ಬೇರೆ ಅಂತ ಹೊಲ ಇರುವ ಎಲ್ಲರಿಗೂ ಗೊತ್ತು. ಭೋಗ್ಯಕ್ಕೆ ಕೊಟ್ಟು ಕ್ರಯಪತ್ರದ ಬೆಲೆ ತೆಗೆದುಕೊಂಡರೆ ಅದಕ್ಕೆ ನಮ್ಮ ಕಡೆ ಏನನ್ನುತ್ತಾರೋ ಅದನ್ನೇ ಇದಕ್ಕೂ ಅನ್ನಬೇಕು.

ಕಾಯ್ದೆಪುಟ (ಬಳ್ಳಾರಿ)

ಇಲ್ಲಿ ದೂರು ಕೊಡುವ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಂದಾಯಿಸಿದರೆ ಎಷ್ಟೋ ಸಲ ಅಲ್ಲೇ ಇತ್ಯರ್ಥವಾಗುತ್ತದೆ. ಬಿಲ್, ಪೆಟ್ಟಿಗೆಯ ಹಿಂಬದಿಯ ಫೋಟೋ (‘ಇಂಟರ್‌ನೆಟ್ ಬೇಕು’ ಎಂದು ಎಷ್ಟು ಸಣ್ಣ ಅಕ್ಷರದಲ್ಲಿದೆ ಎಂಬುದು ಮುಖ್ಯ), ದೋಷದ ಸಂದೇಶದ ಸ್ಕ್ರೀನ್‌ಶಾಟ್, ಕಂಪನಿಯ ಜೊತೆಗಿನ ಇಮೇಲ್ ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡಿದ್ದರೆ 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳುವುದೇ ಎಲ್ಲಕ್ಕಿಂತ ಬೇಗದ ದಾರಿ.

ಕೋಟೆಗುಡ್ಡ (ಬಳ್ಳಾರಿ)

ಬೀಗ ಇಲ್ಲದ ಆಟ ಕೊಳ್ಳೋದೂ ಒಂದು ಮತ ಹಾಕಿದ ಹಂಗೆ. ಗಾಗ್ ಅಂಗಡಿ 2008ರಿಂದ ಬೀಗವಿಲ್ಲದ ಆಟಗಳನ್ನೇ ಮಾರ್ತೈತೆ. ದಿ ವಿಚರ್ 3 ಅಲ್ಲಿ ಮೊದಲ ದಿನದಿಂದಲೂ ಹಂಗೇ ಸಿಕ್ತು, ಆದ್ರೂ ಕೋಟಿಗಟ್ಟಲೆ ಪ್ರತಿ ಹೋಯ್ತು. ಸೇಫ್‌ಡಿಸ್ಕ್ ಕಾಲದ ಎಷ್ಟೋ ಆಟ ಅಲ್ಲಿ ಬೀಗ ಬಿಚ್ಚಿ, ಹೊಸ ವಿಂಡೋಸ್‌ಗೆ ಹೊಂದಿಸಿ ಇಟ್ಟಿರ್ತಾರೆ. ಮೊದಲು ಅಲ್ಲಿ ನೋಡಿ, ಆಮೇಲೆ ಹಳೇ ಡಿಸ್ಕ್ ಜೊತೆ ಗುದ್ದಾಡಿ.

ಆದ್ರೆ ಬೀಗ ಇಲ್ಲ ಅಂದ್ರೆ ಕಾಪಾಡೋ ಜವಾಬ್ದಾರಿ ನಮ್ಮದೇ. ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಇಟ್ಟುಕೊಳ್ಳದಿದ್ರೆ ಆ ಹಕ್ಕಿಗೆ ಅರ್ಥ ಇಲ್ಲ.

ಸೋನಾಮಸೂರಿ (ಗಂಗಾವತಿ)

ಅದನ್ನ ಇಡೋ ರೀತಿ: ದೊಡ್ಡ ಆಟ 4 ಜಿಬಿ ತುಂಡುಗಳಾಗಿ ಬರ್ತೈತಿ, ಒಂದು ಸೆಟಪ್ ಫೈಲು, ಅದರ ಜೊತಿ ಹಲವು ಬಿನ್ ಫೈಲು. ಎಲ್ಲಾ ಒಂದs ಫೋಲ್ಡರ್‌ದಾಗ ಇರ್ಬೇಕು, ಹೆಸರು ಬದಲಿಸಬಾರದು. ಡಿಸ್ಕನ್ನ ಎನ್‌ಟಿಎಫ್‌ಎಸ್ ಇಲ್ಲಾ ಎಕ್ಸ್‌ಫ್ಯಾಟ್ ಮಾಡ್ರಿ. ಫ್ಯಾಟ್32 ಆದ್ರ 4 ಜಿಬಿ ತುಂಬಿದ ಫೈಲ್ ಹಿಡಿಯಂಗಿಲ್ಲ. ಎರಡು ಬ್ಯಾರೆ ಡ್ರೈವ್‌ದಾಗ ಪ್ರತಿ ಇರ್ಲಿ, ಒಂದನ್ನ ಬ್ಯಾರೆ ಮನ್ಯಾಗ ಇಡ್ರಿ.

ಕಾಪಿ ಆದ ದಿನಾನs ಕಮಾಂಡ್ ಪ್ರಾಂಪ್ಟ್‌ದಾಗ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’, ಫೈಲ್ ಹೆಸರು, ‘ಎಸ್‌ಎಚ್‌ಎ256’ ಕೊಟ್ಟು ಬಂದ ಸಾಲನ್ನ (ಅದು ಫೈಲಿನ ಬೆರಳಚ್ಚು ಇದ್ದಂಗ) ಒಂದು ಟೆಕ್ಸ್ಟ್ ಫೈಲಿನಾಗ ಇಟ್ಕೊಳ್ರಿ. ವರ್ಷಕ್ಕೊಮ್ಮೆ ಮತ್ತ ಓಡಿಸಿ ಹೋಲಿಸ್ರಿ. ಒಂದು ಅಕ್ಷರ ಬದಲಾದ್ರೂ ಆ ತುಂಡು ಕೆಟ್ಟೈತಿ, ಇನ್ನೊಂದು ಡ್ರೈವ್‌ನಿಂದ ತರ್ರಿ.

ತೀನ್‌ಕಂದಿಲ್ (ರಾಯಚೂರು)

ಡಿಸ್ಕ್ ಇಟ್ಟವರಿಗೆ: ತಗಡಿನ ಮನಿ ಅಟ್ಟದ ಮ್ಯಾಲೆ, ಟ್ರಂಕ್‌ದಾಗ ಇಡಬ್ಯಾಡ್ರಿ. ಏಪ್ರಿಲ್, ಮೇದಾಗ ಹೊರಗ 40 ಡಿಗ್ರಿ ದಾಟಿದ್ರ ತಗಡಿನ ಕೆಳಗ ಅದಕ್ಕಿಂತ ಭಾಳ ಹೆಚ್ಚು, ಡಿಸ್ಕ್ ಸೊಟ್ಟ ಆಗ್ತದ. ನೆಟ್ಟಗ ನಿಲ್ಲಿಸಿ, ಕೆಳಗಿನ ಕೋಣಿಯಾಗ ಇಡ್ರಿ. ಒರೆಸೋದು ನಡುವಿನ ರಂಧ್ರದಿಂದ ಅಂಚಿನ ಕಡೆ ನೇರವಾಗಿ, ಗುಂಡಗ ಅಲ್ಲ. ಗುಂಡನ ಗೀರು ಬಿದ್ರ ಒಂದೇ ಸಾಲಿನ ಡೇಟಾ ಉದ್ದಕ್ಕೂ ಹೋಗ್ತದ, ದೋಷ ತಿದ್ದೋ ಲೆಕ್ಕಕ್ಕ ಸಿಗಂಗಿಲ್ಲ. ಬಳ್ಳಾರಿ, ಸಂಡೂರು ಕಡೆಯವರು ಗಣಿ ಧೂಳನ್ನ ಮೊದಲು ಊದುಬುರುಡೆಯಿಂದ ಹಾರಿಸಿ ಆಮ್ಯಾಲೆ ಬಟ್ಟಿ ಮುಟ್ಟಸ್ರಿ, ಆ ಕೆಂಪು ಧೂಳು ಉಪ್ಪುಕಾಗದ ಇದ್ದಂಗ.

ಓದಲಾರದ ಡಿಸ್ಕಿಗೆ ಲಿನಕ್ಸ್‌ದಾಗ ಡಿಡಿರೆಸ್ಕ್ಯೂ ಅನ್ನೋ ಡೇಟಾ ಉಳಿಸೋ ಪ್ರೋಗ್ರಾಂ ಅದ. ಮೊದಲ ಸುತ್ತು 2048 ಬ್ಲಾಕ್ ಅಳತಿ ಕೊಟ್ಟು, ಕೆಟ್ಟ ಜಾಗ ಬಿಟ್ಟು ಓಡಿಸ್ರಿ. ಎರಡನೇ ಸುತ್ತಿನಾಗ ಅದೇ ಮ್ಯಾಪ್ ಫೈಲ್ (ಯಾವ ಜಾಗ ಓದಿ ಆತು ಅನ್ನೋ ಲೆಕ್ಕ) ಕೊಟ್ಟು ಬಿಟ್ಟುಹೋದ ಜಾಗಕ್ಕ ಮೂರು ಸಲ ಪ್ರಯತ್ನ. ಬೀಗ ಇರೋ ಡಿಸ್ಕ್ ಆದ್ರ ಬೇಕಂತಲೇ ಕೆಡಿಸಿದ ಸೆಕ್ಟರ್ ಯಾವತ್ತೂ ಓದಂಗಿಲ್ಲ, ಅಲ್ಲಿ ಹಟ ಹಿಡಿದು ರಾತ್ರಿಯೆಲ್ಲಾ ಡ್ರೈವ್ ಸವೆಸಬ್ಯಾಡ್ರಿ. ದೋಷ ಡಿಸ್ಕಿನ ಶುರುವಿನ ಭಾಗದಾಗ ಮಾತ್ರ ಇದ್ದು ಉಳಿದದ್ದು ಸ್ವಚ್ಛ ಬಂದಿದ್ರ, ನಿಮ್ಮ ಡಿಸ್ಕ್ ಆರೋಗ್ಯವಾಗಿ ಅದ ಅಂತ ತಿಳೀರಿ.